ಹೆಣದ ಪಕ್ಕ ಸಿಕ್ಕ ಹುಳ

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬೇಗ ಬರುತ್ತದೆ. ಬಂದಷ್ಟೇ ಬೇಗ ಇಳಿಯುತ್ತದೆ ಎಂದು ನನ್ನ ಗಂಡ ಹೇಳುತ್ತಾರೆ, ಅದೂ ನಿಜ. ಆದರೆ ಹೋದ ವರ್ಷ ಶ್ರಾವಣದಲ್ಲಿ ಬಂದ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಅದು ಬಂದದ್ದು ಬೆರಳುದ್ದದ ಒಂದು ಹುಳದ ಸಲುವಾಗಿ. ಹೀಗೆಂದರೆ ಆಫೀಸಿನಲ್ಲಿ ನನ್ನ ಪಕ್ಕ ಕೂರುವವರು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾರೆ. ನಗಲಿ. ಅವರ ಮನೆಯಲ್ಲಿ ಹೀಗಾಗಿದ್ದರೆ ಗೊತ್ತಾಗುತ್ತಿತ್ತು.

ನಾನು ಧಾರವಾಡದ ಕೋರ್ಟಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಸ್ಟೆನೋ. ಸಾಕ್ಷಿ ಹೇಳಿದ್ದನ್ನು ಸಾಹೇಬರು ಬರೆಸುತ್ತಾರೆ, ನಾನು ಬರೆದುಕೊಂಡು ಟೈಪ್ ಮಾಡುತ್ತೇನೆ. ಮನೆ ರಾಯಾಪುರದಲ್ಲಿ. ಗಂಡನ ನೌಕರಿ ಬಳ್ಳಾರಿಯಲ್ಲಿ, ರವಿವಾರ ಬಂದು ಹೋಗುತ್ತಾರೆ. ಉಳಿದ ದಿನ ಮನೆಯಲ್ಲಿ ನಾನು, ನಮ್ಮ ಅತ್ತೆ, ಮತ್ತು ಮೂರಡಿ ಉದ್ದದ ಒಂದು ಗಾಜಿನ ತೊಟ್ಟಿ. ತೊಟ್ಟಿಯ ತುಂಬ ಉಪ್ಪುನೀರು. ನಳ ಬಂತೆಂದರೆ ಕೆಲಸ ಬಿಟ್ಟು ಓಡುವ ಊರಿನಲ್ಲಿ ಕುಳಿತು ಸಮುದ್ರದ ಮೀನು ಸಾಕುವ ಹುಚ್ಚು ನನಗೆ ಹತ್ತಿದ್ದು ಒಬ್ಬ ಹಲ್ಲಿನ ಡಾಕ್ಟರರ ದವಾಖಾನೆಯಲ್ಲಿ. ಹಲ್ಲು ಕೀಳಿಸಿಕೊಳ್ಳಲು ಹೋದವಳು ಅಲ್ಲಿದ್ದ ತೊಟ್ಟಿಯ ಮುಂದೆ ಕುಳಿತೆ, ನನ್ನ ಸರದಿ ಬಂದರೂ ಏಳಲಿಲ್ಲ.

ನಮ್ಮದು ಮೊಟ್ಟೆಯ ಸಿಪ್ಪೆಯೂ ಹೊಸ್ತಿಲು ದಾಟದ ಮನೆ. ಮೀನು ತರುತ್ತೇನೆ ಎಂದಾಗ ಅತ್ತೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ, ತಿನ್ನುವುದಕ್ಕಲ್ಲ ಅಂದರೆ ಇರಲಿ ಎಂದರು. ತೊಟ್ಟಿ ಬಂದ ಮೇಲೆ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತವರು ಅವರೇ. ಒಂದು ಕಣ್ಣಿನ ಪೊರೆ ತೆಗೆಸಿದ್ದಾರೆ, ಇನ್ನೊಂದು ಬಾಕಿಯಿದೆ. ಒಳ್ಳೆಯ ಕಣ್ಣನ್ನು ಗಾಜಿಗೆ ಹತ್ತಿರ ತಂದು, ಕೆಂಪು ಬಿಳಿ ಪಟ್ಟೆಯ ಒಂದು ಸೀಗಡಿಯನ್ನು ನೋಡುತ್ತಿದ್ದರು. ಅದು ಉದ್ದುದ್ದ ಬಿಳಿ ಮೀಸೆ ಆಡಿಸುತ್ತಾ ಮೀನುಗಳ ಮೈ ಸ್ವಚ್ಛ ಮಾಡುತ್ತದೆ. ಅತ್ತೆ ಅದಕ್ಕೆ ಮೀಸಿಯಾಂವ ಎಂದೇ ಕರೆಯುತ್ತಿದ್ದರು.

ಇನ್ನು ಕಲ್ಲಿನ ವಿಷಯ. ಇಂಥ ತೊಟ್ಟಿಯೊಳಗೆ ಇಡುವ ಕಲ್ಲಿಗೆ ಲೈವ್ ರಾಕ್ ಎನ್ನುತ್ತಾರೆ. ಹವಳ ಕಿತ್ತು ತರುವುದು ಅಪರಾಧ, ನಾನು ಕೋರ್ಟಿನವಳು, ಆ ದಾರಿಗೇ ಹೋಗಲಿಲ್ಲ. ಹುಬ್ಬಳ್ಳಿಯಲ್ಲಿ ಸಾಕುವ ಮೀನು ಮಾರುವ ಒಬ್ಬರು, ಸಿಮೆಂಟಿಗೆ ಚಿಪ್ಪಿನ ಚೂರು ಕಲಸಿ ಮಾಡಿದ ಕಲ್ಲನ್ನು ಕಾರವಾರದ ಕಡೆ ಕಡಲ ನೀರಿನ ಹೊಂಡದಲ್ಲಿ ವರ್ಷಗಟ್ಟಲೆ ಮುಳುಗಿಸಿಟ್ಟು ತರಿಸುತ್ತಾರೆ. ಆ ಕಲ್ಲಿನ ಸಂದಿಗೊಂದಿಗಳಲ್ಲಿ ಕಣ್ಣಿಗೆ ಕಾಣದ ಜೀವ ತುಂಬಿರುತ್ತದೆ, ಅದಕ್ಕೇ ಆ ಹೆಸರು. ಅದರ ಜೊತೆ ಯಾರೂ ಕರೆಯದ ಕೆಲವರು ಟಿಕೆಟ್ ಇಲ್ಲದೆ ಬಸ್ಸು ಹತ್ತಿದ ಹಾಗೆ ಬಂದುಬಿಡುತ್ತಾರೆ.

ಅವರನ್ನು ಗುರುತು ಹಿಡಿಯುವುದು ನನಗೆ ಎಲ್ಲಕ್ಕಿಂತ ಹೆಚ್ಚಿನ ಸಂತೋಷವಾಯಿತು. ಸಂಜೆ ಕೋರ್ಟಿನಿಂದ ಬಂದು ಚಹಾ ಕುಡಿದು, ಭೂತಗನ್ನಡಿ ಮತ್ತು ಶಾರ್ಟ್‌ಹ್ಯಾಂಡ್ ನೋಟ್‌ಬುಕ್ ಹಿಡಿದು ಕೂರುತ್ತಿದ್ದೆ. ಸುಣ್ಣದ ಚುಕ್ಕೆ ಅಂದುಕೊಂಡದ್ದು ಮರುದಿನ ಜಾಗ ಬದಲಿಸಿತ್ತು, ನೋಡಿದರೆ ಉದ್ದಿನಬೇಳೆಗಿಂತ ಚಿಕ್ಕ ನಕ್ಷತ್ರ ಮೀನು. ಒಂದು ತೂತಿನಿಂದ ಕಂದು ಬೀಸಣಿಗೆ ಹೊರಬಂತು. ಅದು ಕೊಳವೆಯಲ್ಲಿ ವಾಸಿಸುವ ಹುಳ, ನೆರಳು ಬಿದ್ದರೆ ಸರಕ್ಕನೆ ಒಳಗೆ ಹೋಗುತ್ತದೆ. ಒಂದು ಏಡಿಯೂ ಬಂದಿತ್ತು. ಕಾಲ ತುಂಬ ಕೂದಲು, ಕೊಂಡಿಯ ತುದಿ ಕಪ್ಪು. ಪಾಚಿ ತಿನ್ನುವ ಏಡಿಯ ಕಾಲು ನುಣ್ಣಗಿರುತ್ತದೆ, ಕೂದಲಿನದು ಮೀನಿಗೇ ಕೈ ಹಾಕುತ್ತದೆ. ಅದನ್ನು ಹಿಡಿದು ಅಂಗಡಿಗೆ ಒಪ್ಪಿಸಿದೆ. ನೋಡಿ, ತಪ್ಪಿದ್ದವರನ್ನು ಇಟ್ಟುಕೊಳ್ಳಬೇಕು ಎಂದು ನಾನು ಯಾವತ್ತೂ ಹೇಳಿದವಳಲ್ಲ.

ಆಮೇಲೆ ಕಂಡದ್ದು ಆ ಹುಳ. ಗುಲಾಬಿ ಕಂದು ಬಣ್ಣ, ಮೈಯ ಎರಡೂ ಬದಿಗೆ ಸಣ್ಣ ಬಿಳಿ ಮುಳ್ಳುಗಳು. ತಳದಲ್ಲಿ ಬಿದ್ದ ಮೀನಿನ ಆಹಾರದ ಚೂರಿಗೆ ಕಲ್ಲಿನಿಂದ ಅರ್ಧ ಮೈ ಚಾಚಿ, ಅದನ್ನು ಎಳೆದುಕೊಂಡು ಒಳಗೆ ಹೋಯಿತು. ನಾನು ಹೌಹಾರಿದ್ದು ಸುಳ್ಳಲ್ಲ. ಆದರೆ ನಾಲ್ಕು ಸಂಜೆ ಕುಳಿತು ನೋಡಿದೆ. ಅದು ತಿನ್ನುವುದು ಬರೀ ಎಂಜಲು. ಓಡಾಡುವ ಯಾವುದನ್ನೂ ಮುಟ್ಟಲಿಲ್ಲ.

ಉಪ್ಪುನೀರಿನ ತೊಟ್ಟಿ ಇಟ್ಟವರದೊಂದು ವಾಟ್ಸಾಪ್ ಗುಂಪಿದೆ. ಬುದ್ಧಿ ಕಡಿಮೆಯಾಗಿ ಅದರ ಫೋಟೋ ಅಲ್ಲಿ ಹಾಕಿದೆ. ಅಬ್ಬಾ, ಚಹಾ ಆರುವಷ್ಟರಲ್ಲಿ ತೀರ್ಪು ಬಂದಿತ್ತು. ಇದು ಬೆಂಕಿಹುಳ, ಮುಟ್ಟಿದರೆ ಕೈ ಉರಿದುಹೋಗುತ್ತದೆ ಎಂದರು ಒಬ್ಬರು. ಆಳೆತ್ತರ ಬೆಳೆದು ಮೀನನ್ನು ಇಡಿಯಾಗಿ ನುಂಗುತ್ತದೆ ಎಂದು ಇನ್ನೊಬ್ಬರು ಯಾವುದೋ ದೇಶದ ವಿಡಿಯೋ ಕಳಿಸಿದರು. ಮತ್ತೊಬ್ಬ ಮಹಾನುಭಾವರು, ಅದು ಶತಪದಿ, ನಿಮ್ಮ ಹಿತ್ತಲಿನಿಂದ ಬಿದ್ದಿರಬೇಕು ಎಂದರು. ತಲೆ ಹೇಗಿದೆ, ಮುಳ್ಳು ಯಾವ ಬಣ್ಣ, ಏನು ತಿನ್ನುತ್ತದೆ, ಇಷ್ಟರಲ್ಲಿ ಒಂದನ್ನಾದರೂ ಕೇಳಬೇಕೋ ಬೇಡವೋ? ಕೇಳಲಿಲ್ಲ. ಕೊಲ್ಲುವ ವಿಧಾನದಲ್ಲಿ ಮಾತ್ರ ಎಲ್ಲರೂ ಪಂಡಿತರು. ಕುದಿಯುವ ನೀರಿಗೆ ಹಾಕಿ, ಇಲ್ಲದಿದ್ದರೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿಡಿ. ನಮ್ಮ ಅತ್ತೆ ಪೂಜೆಯ ಹಾಲು ಇಡುವ ಫ್ರಿಜ್ಜಿನಲ್ಲಿ!

ನಾನು ಉದ್ದಕ್ಕೆ ಬರೆದೆ. ಬೆಂಕಿಹುಳಕ್ಕೆ ತಲೆಯ ಮೇಲೆ ಮಾಂಸದ ಜುಟ್ಟಿನಂಥದ್ದು ಇರುತ್ತದೆ, ಇದಕ್ಕಿಲ್ಲ. ಅದರ ಮುಳ್ಳಿನ ಗೊಂಚಲು ದಪ್ಪ, ಇದರದು ತೆಳು. ಇದು ಕಸ ಗುಡಿಸುವ ಹುಳ, ಇದ್ದರೆ ತೊಟ್ಟಿಗೇ ಒಳ್ಳೆಯದು ಎಂದೆ. ಒಬ್ಬರು ಕೈಮುಗಿದ ಚಿತ್ರ ಹಾಕಿ, ನಿಮ್ಮಿಷ್ಟ ಮೇಡಂ, ಆಮೇಲೆ ಅಳಬೇಡಿ ಎಂದರು. ಮೈಯೆಲ್ಲ ಉರಿಯಿತು. ಅಂಗಡಿಯವರನ್ನು ಕೇಳಿದರೆ ಅವರದೂ ಅದೇ ರಾಗ, ತೆಗೆದುಬಿಡುವುದೇ ಛಲೋ ಎಂದರು.

ಆ ಸಂಜೆ ಅತ್ತೆಯ ಮುಂದೆ ಎಲ್ಲವನ್ನೂ ಹೇಳಿಕೊಂಡೆ. ತಪ್ಪು ಮಾಡದ ಜೀವವನ್ನು ನನ್ನ ಮನೆಯಲ್ಲಿ ಯಾರೂ ಮುಟ್ಟುವ ಹಾಗಿಲ್ಲ ಎಂದು ಆಣೆ ಮಾಡಿದವಳ ಹಾಗೆ ಹೇಳಿದೆ. ಅವರು ಶೇಂಗಾ ಸುಲಿಯುತ್ತಿದ್ದರು.

"ನಾವೇನ ಅದನ್ನ ಕರದಿಲ್ಲ, ಖರೇ," ಎಂದರು. "ಬಂದ ಮ್ಯಾಲೆ ನಮ್ಮದ ಆತು."

ಅಷ್ಟರಲ್ಲಿ ಶ್ರಾವಣ ಬಂತು. ಶ್ರಾವಣ ಬಂತೆಂದರೆ ನಮ್ಮ ಮನೆಯಲ್ಲಿ ಅಟ್ಟದ ಮೇಲಿನ ತಾಮ್ರದ ಹಂಡೆ ಕೆಳಗಿಳಿಯಬೇಕು. ಉಳಿದ ದಿನ ಸ್ಟೀಲು, ಪ್ಲಾಸ್ಟಿಕ್ಕು ಏನಾದರೂ ನಡೆಯುತ್ತದೆ. ಈ ಒಂದು ತಿಂಗಳು ಮಾತ್ರ ಕುಡಿಯುವುದಕ್ಕೂ ಪೂಜೆಗೂ ಆ ಹಂಡೆಯ ನೀರೇ ಆಗಬೇಕು. ಅತ್ತೆಗೆ ಅವರ ತವರಿನಲ್ಲಿ ಮದುವೆಗೆ ಕೊಟ್ಟ ಹಂಡೆ ಅದು. ಆ ಸಲ ಅದನ್ನು ಹುಣಸೆಹಣ್ಣು ಹಚ್ಚಿ, ಮೋರೆ ಕಾಣುವ ಹಾಗೆ ತಿಕ್ಕಿದವಳು ನಾನೇ. ಎಷ್ಟು ಛಂದ ತಿಕ್ಕಿದಿ ಎಂದು ಅತ್ತೆ ನೆರೆಯವರಿಗೂ ತೋರಿಸಿದರು.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಅದಕ್ಕೆ ಸ್ವಲ್ಪ ಮುಂಚೆ ಒಂದು ದಿನ ಅತ್ತೆ ಕೋರ್ಟಿಗೇ ಫೋನ್ ಮಾಡಿದ್ದರು. ಮೀಸಿಯಾಂವ ಸತ್ತುಬಿದ್ದಿದ್ದಾನೆ ಎಂದರು. ಅರ್ಧ ದಿನದ ರಜೆ ಹಾಕಿ ಓಡಿಬಂದೆ. ಸೀಗಡಿ ಬೆಳೆಯುವಾಗ ಹಳೆಯ ಚಿಪ್ಪನ್ನು ಇಡಿಯಾಗಿ ಕಳಚುತ್ತದೆ. ತಳದಲ್ಲಿ ಬಿದ್ದದ್ದು ಆ ಚಿಪ್ಪು. ಮೀಸಿಯಾಂವ ಕಲ್ಲಿನ ಹಿಂದೆ ಆರಾಮಾಗಿದ್ದ. ನಾನು ನಕ್ಕೆ, ಅತ್ತೆಯೂ ನಕ್ಕರು. ಆದರೆ ಅಂದಿನಿಂದ ತೊಟ್ಟಿಯ ಬಗ್ಗೆ ಅವರು ಏನು ಹೇಳಿದರೂ ನಾನು ಅರ್ಧ ಕಿವಿಯಲ್ಲಷ್ಟೇ ಕೇಳುತ್ತಿದ್ದೆ.

ಶ್ರಾವಣದ ಎರಡನೆಯ ಸೋಮವಾರ ಸಂಜೆ ಮನೆಗೆ ಬಂದೆ. ಚಪ್ಪಲಿ ಬಿಡುವಾಗಲೇ ಕಂಡಿತು. ಸೀಗಡಿ ಮರಳಿನ ಮೇಲೆ ಮಗ್ಗುಲಾಗಿ ಬಿದ್ದಿತ್ತು. ಈ ಸಲ ಬರೀ ಚಿಪ್ಪಲ್ಲ. ಅದರ ಹೊಟ್ಟೆಯೊಳಗೆ ತಲೆ ತೂರಿಸಿ ತಿನ್ನುತ್ತಿದ್ದದ್ದು ಆ ಹುಳ.

"ಅದು ಮುಂಜಾನಿಂದ ಬಿದ್ದೈತಿ," ಎಂದರು ಅತ್ತೆ. "ಹುಳ ಬಂದದ್ದು ಆಮ್ಯಾಲೆ. ನಾ ನೋಡೇನಿ."

"ನಿಮಗ ಕಣ್ಣ ಸರಿ ಕಾಣಂಗಿಲ್ಲ ಅತ್ತ್ಯಾರ. ಹೋದ ಸಲಾನೂ ಹಿಂಗ ಹೇಳಿದ್ರಿ."

ಅತ್ತೆ ಎದ್ದರು. ಕುರ್ಚಿಯನ್ನು ಎತ್ತಿ ಅಡುಗೆಮನೆಯಲ್ಲಿಟ್ಟರು. ನಾನು ಆಗಲೇ ತೋಳು ಮೇಲೇರಿಸಿದ್ದೆ. ಹುಳ ಕಲ್ಲಿನೊಳಗೆ ಸೇರಿಕೊಂಡಿತು, ಕಲ್ಲನ್ನೇ ಹೊರತೆಗೆದೆ. ಹಪ್ಪಳ ಸುಡುವ ಚಿಮಟದಿಂದ ಹಿಡಿದೆಳೆದೆ. ಅದರ ಮುಳ್ಳು ನನ್ನ ಬೆರಳಿಗೆ ಚುಚ್ಚಿ ಎರಡು ದಿನ ಕಡಿತ ಬಿಡಲಿಲ್ಲ. ಉಪ್ಪಿನಕಾಯಿಯ ಖಾಲಿ ಭರಣಿಗೆ ತೊಟ್ಟಿಯ ನೀರು ಹಾಕಿ, ಅದರಲ್ಲಿ ಬಿಟ್ಟೆ. ಶ್ರಾವಣದಲ್ಲಿ ಮನೆಯಲ್ಲಿ ಕೊಲ್ಲುವ ಹಾಗಿಲ್ಲವಲ್ಲ. ಮರುದಿನ ಅಂಗಡಿಯವರ ಕೈಗೆ ಕೊಟ್ಟು, ಏನಾದರೂ ಮಾಡಿಕೊಳ್ಳಿ, ನನಗೆ ಹೇಳಬೇಡಿ ಎಂದು ಬಂದೆ. ಗುಂಪಿನಲ್ಲೂ ಬರೆದೆ. ನಾವು ಹೇಳಿರಲಿಲ್ಲವೇ, ನಾವು ಹೇಳಿರಲಿಲ್ಲವೇ ಎಂದು ಅವರೆಲ್ಲ ಸಾಲುಗಟ್ಟಿ ಬಂದರು. ಹಲ್ಲು ಕಚ್ಚಿಕೊಂಡು ಹೌದು ಎಂದೆ.

ಹುಳ ಹೋಯಿತು. ಸಾವು ನಿಲ್ಲಬೇಕಿತ್ತಲ್ಲ? ವಾರದೊಳಗೆ ಗಾಜು ನೆಕ್ಕಿ ಸ್ವಚ್ಛ ಮಾಡುವ ಮೂರು ಬಸವನಹುಳುಗಳು ಒಂದೊಂದಾಗಿ ಉದುರಿದವು. ಕೊಳವೆಯ ಹುಳ ತನ್ನ ಬೀಸಣಿಗೆಯನ್ನೇ ಕಳಚಿ ಒಳಗೆ ಹೋದದ್ದು ಮತ್ತೆ ಬರಲಿಲ್ಲ. ಮೀನುಗಳು ಮಾತ್ರ ಏನೂ ಆಗದವರ ಹಾಗೆ ತಿಂದುಕೊಂಡು ತಿರುಗುತ್ತಿದ್ದವು. ತಲೆ ಕೆಟ್ಟು ಶುಕ್ರವಾರ ಸಂಜೆ ಅಂಗಡಿಗೆ ಹೋದೆ. ಅಂಗಡಿಯವರು ಎಲ್ಲ ಕೇಳಿಸಿಕೊಂಡು, ಮೀನು ಆರಾಮ ಇವೆಯೇ ಎಂದು ಎರಡು ಸಲ ಕೇಳಿದರು. ನೀರಿಗೆ ತಾಮ್ರ ಏನಾದರೂ ತಾಗಿದೆಯೇ ಎಂದರು. ಮೀನು ತಡೆದುಕೊಳ್ಳುವಷ್ಟು ತಾಮ್ರವನ್ನು ಈ ಎಲುಬಿಲ್ಲದ ಜೀವಗಳು ತಡೆಯಲಾರವಂತೆ. ನನಗೆ ಸಿಟ್ಟು ನೆತ್ತಿಗೇರಿತು. ತೊಟ್ಟಿಗೆ ವೈರು ಹಾಕುವಷ್ಟು ದಡ್ಡಿಯೇ ನಾನು? ಫಿಲ್ಟರ್ ಮಾಡಿದ ನೀರನ್ನು ಕ್ಯಾನಿನಲ್ಲಿ ತಂದು ಪ್ರತಿ ರವಿವಾರ ನನ್ನ ಕೈಯಾರೆ ಹಾಕುತ್ತೇನೆ ಎಂದು ಅವರಿಗೆ ಪಾಠ ಮಾಡಿ ಬಂದೆ. ಹಿಂದಿನ ರವಿವಾರ ತೊಟ್ಟಿಯ ನೀರು ಇಳಿದೇ ಇರಲಿಲ್ಲ. ಮಳೆಗಾಲ, ಆರುವುದು ಕಡಿಮೆ ಎಂದುಕೊಂಡಿದ್ದೆ.

ಮರುದಿನ ಎರಡನೇ ಶನಿವಾರ, ಕೋರ್ಟಿಗೆ ರಜೆ. ಉಳಿದ ದಿನ ಅತ್ತೆಯ ಪೂಜೆ ಮುಗಿಯುವಷ್ಟರಲ್ಲಿ ನಾನು ಬಸ್ಸಿನಲ್ಲಿರುತ್ತೇನೆ, ರವಿವಾರ ಗಂಡ ಬಂದಿರುತ್ತಾರೆಂದು ಆ ಹೊತ್ತಿಗೆ ಅಡುಗೆಮನೆಯಲ್ಲಿ. ಅವತ್ತು ಪಡಸಾಲೆಯಲ್ಲಿ ಪೇಪರ್ ಓದುತ್ತಾ ಕುಳಿತಿದ್ದೆ. ಅತ್ತೆ ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಬಂದರು. ಕೈಯಲ್ಲಿ ತಾಮ್ರದ ತಂಬಿಗೆ. ಹಂಡೆಯಿಂದ ನೀರು ತುಂಬಿಕೊಂಡರು. ಗುಬ್ಬಿಗಳ ಬಟ್ಟಲಿಗೆ ಸ್ವಲ್ಪ, ದಾಸವಾಳದ ಗಿಡಕ್ಕೆ ಸ್ವಲ್ಪ ಹಾಕಿದರು. ಉಳಿದದ್ದನ್ನು ಹಿಡಿದು ತೊಟ್ಟಿಯ ಹತ್ತಿರ ಬಂದು, ಮುಚ್ಚಳ ಸರಿಸಿ, ಮೀನಿಗೆ ನೋವಾದೀತೆಂಬ ಹಾಗೆ ನಿಧಾನವಾಗಿ ಸುರಿದರು.

"ಅತ್ತ್ಯಾರ, ಏನ ಮಾಡಾಕತ್ತೀರಿ?"

"ನೀರ ಹಾಕಾಕತ್ತೇನಿ. ಶ್ರಾವಣದಾಗ ಮನ್ಯಾಗಿನ ಜೀವಕ್ಕೆಲ್ಲಾ ಮೊದಲ ನೀರ ಕೊಟ್ಟು, ಆಮ್ಯಾಲೆ ನಾ ಕುಡೀತೇನಿ. ಮೊದಲ ಸೋಮವಾರದಿಂದ ಹಾಕಾಕತ್ತೇನಲ್ಲ."

ಪೇಪರ್ ಕೈಯಿಂದ ಜಾರಿತು. ಯಾರ ಮೇಲೆ ಕೂಗಾಡಲಿ? ಹುಣಸೆಹಣ್ಣು ಹಚ್ಚಿ ತಾಮ್ರವನ್ನು ಅಷ್ಟು ಚೆನ್ನಾಗಿ ತಿಕ್ಕಿ ನೀರಿಗೆ ಬಿಡುವ ಹಾಗೆ ಮಾಡಿದವಳು ನಾನು. ಇಪ್ಪತ್ತಾರು ವರ್ಷ ಸಾಕ್ಷಿಗಳ ಮಾತು ಬರೆದುಕೊಂಡವಳು ನಾನು. ಹೆಣದ ಪಕ್ಕ ಸಿಕ್ಕವನೇ ಕೊಂದವನಲ್ಲ ಎಂಬುದನ್ನು ಎಷ್ಟು ತೀರ್ಪುಗಳಲ್ಲಿ ಟೈಪ್ ಮಾಡಿಲ್ಲ! ಆ ಹೊತ್ತು ಮನೆಯಲ್ಲಿ ಯಾರಿದ್ದರು, ಏನು ನೋಡಿದರು, ಏನು ಮಾಡಿದರು. ನಿನ್ನೆ ಮೊನ್ನೆ ಕರಿಕೋಟು ಹಾಕಿದ ವಕೀಲನೂ ಇದನ್ನು ಕೇಳುತ್ತಾನೆ. ಮುಖ ನೋಡದ ಜನರನ್ನೆಲ್ಲ ಫೋನಿನಲ್ಲಿ ಕೇಳಿದೆ. ಇಡೀ ದಿನ ತೊಟ್ಟಿಯ ಮುಂದೆ ಕೂರುವ ಒಬ್ಬರೇ ಒಬ್ಬರು, ಕೇಳದಿದ್ದರೂ ತಾವಾಗಿ ಬಂದು, ಹುಳ ಆಮೇಲೆ ಬಂತು ಎಂದು ಹೇಳಿದ್ದರು. ಅವರ ಕಣ್ಣಿನ ಪೊರೆಯನ್ನು ಎತ್ತಿ ಆಡಿ ಬಾಯಿ ಮುಚ್ಚಿಸಿದ್ದೆ. ಛೀ, ನನ್ನ ಜನ್ಮಕ್ಕಿಷ್ಟು!

ಮುಚ್ಚಿಡಬಹುದಿತ್ತು. ಇರುವೆಯನ್ನೂ ದಾಟಿ ಕಾಲಿಡುವ ಅವರಿಗೆ ಹೇಗೆ ಹೇಳುವುದು ಎಂದು ಒಂದು ಗಳಿಗೆ ಒದ್ದಾಡಿದೆ. ಆದರೆ ಅವರಿಂದ ಮುಚ್ಚಿಟ್ಟರೆ ಅವರ ಮಾತಿಗೆ ಎರಡನೆಯ ಸಲ ಬೆಲೆ ಕೊಡದ ಹಾಗಾಗುತ್ತಿತ್ತು. ಇದ್ದದ್ದು ಇದ್ದ ಹಾಗೆ ಹೇಳಿದೆ. ಅತ್ತೆ ತಂಬಿಗೆಯನ್ನು ನೆಲಕ್ಕಿಟ್ಟು, ತೊಟ್ಟಿಯ ಮುಂದೆ ಬರಿನೆಲದ ಮೇಲೆ ಕುಳಿತರು. ಕಣ್ಣು ಮುಚ್ಚಿ ಏನೋ ಅಂದುಕೊಂಡರು.

"ಹಂಗಾದ್ರ ಹುಳದ್ದ ತಪ್ಪಿಲ್ಲ," ಎಂದರು ಕೊನೆಗೆ.

"ಇಲ್ರಿ."

"ತಪ್ಪಿಲ್ಲಂದ ಮ್ಯಾಲೆ ಹೊಳ್ಳಿ ಕರಕೊಂಡ ಬರಬೇಕು. ನಡಿ, ನಾನೂ ಬರ್ತೇನಿ."

ಇಷ್ಟು ಹೊತ್ತಿಗೆ ಅದು ಯಾವ ಗಟಾರದಲ್ಲಿದೆಯೋ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸು ಹತ್ತಿದೆವು. ಅತ್ತೆ ಕಿಟಕಿಯ ಕಡೆ ಕುಳಿತರು. ಉಣಕಲ್ ಕೆರೆ ದಾಟುವಾಗ ನೀರಿನ ಬಾಟಲಿ ಕೊಟ್ಟೆ, ಮೊದಲು ಹುಳದ್ದು ಮುಗಿಯಲಿ, ಅಲ್ಲಿತನಕ ಒಲ್ಲೆ ಎಂದು ಕೈ ಅಡ್ಡ ಹಿಡಿದರು. ನಾನು ಫೋನು ತೆಗೆದು ಗುಂಪಿನಲ್ಲಿ ಬರೆದೆ. ಹುಳದ್ದು ತಪ್ಪಿರಲಿಲ್ಲ, ತಾಮ್ರದ ಹಂಡೆಯ ನೀರು ಬಿದ್ದಿತ್ತು, ನಾನೂ ತಪ್ಪಿದೆ, ನೀವೂ ತಪ್ಪಿದಿರಿ ಎಂದೆ. ಮೊನ್ನೆ ಸಾಲುಗಟ್ಟಿ ಬಂದವರಲ್ಲಿ ಒಬ್ಬನಾದರೂ ಬಾಯಿ ಬಿಟ್ಟನೇ? ಯಾರೋ ಯಾರದೋ ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಹಾಕಿದರು. ಅಲ್ಲೇ, ಬಸ್ಸಿನಲ್ಲೇ, ಆ ಗುಂಪು ಬಿಟ್ಟೆ.

ಅಂಗಡಿಯವರು ನಮ್ಮನ್ನು ಹಿಂದಿನ ಕೋಣೆಗೆ ಕರೆದೊಯ್ದರು. ಅಲ್ಲಿ ಮಾರಾಟಕ್ಕಿಲ್ಲದ ಕಲ್ಲುಗಳ ಒಂದು ಕಪ್ಪು ಟಬ್ಬು. ಒಂದು ಕಲ್ಲನ್ನು ಎತ್ತಿ ಮಗುಚಿದರು. ಅದರ ಅಡಿಯಲ್ಲಿ ಗುಲಾಬಿ ಕಂದು ಹುಳಗಳು, ಒಂದಲ್ಲ, ಹತ್ತಾರು, ಮೈ ಎಳೆದುಕೊಂಡು ಸಂದಿಗಳಿಗೆ ನುಸುಳಿದವು.

"ಇಲ್ಲೇ ಬಿಟ್ಟಿದ್ನಿ ಅಕ್ಕಾರ. ಇವು ಇದ್ರ ಟಬ್ ಸ್ವಚ್ಛ ಇರ್ತೈತ್ರಿ. ಇದರಾಗ ನಿಮ್ಮದು ಯಾವದು ಅಂತ ಹೆಂಗ ಹೇಳ್ಲಿ?"

ಜೀವಂತ ಇದೆ ಎಂಬ ಸಮಾಧಾನ ಒಂದು ಗಳಿಗೆ, ಆಮೇಲೆ ನನ್ನ ಬಾಯಿ ತಡೆಯುವವರೇ ಇರಲಿಲ್ಲ. ಒಳ್ಳೆಯದೆಂದು ಗೊತ್ತಿದ್ದೂ, ತಮ್ಮ ಟಬ್ಬಿನಲ್ಲಿ ಸಾಕಿಕೊಂಡಿದ್ದೂ, ನನಗೆ ತೆಗೆದುಬಿಡಿ ಎಂದರಲ್ಲ! ಅಂಗಡಿಯವರು, ಇಟ್ಟುಕೊಳ್ಳಿ ಎಂದು ನಾನು ಹೇಳಿ, ನಾಳೆ ಏನಾದರೂ ಸತ್ತರೆ ಜನ ಬಂದು ನನ್ನ ಕೊರಳಪಟ್ಟಿ ಹಿಡಿಯುತ್ತಾರೆ, ತೆಗೆಯಿರಿ ಅಂದರೆ ಯಾರ ತಕರಾರೂ ಇರುವುದಿಲ್ಲ ಎಂದರು, ನಾಚಿಕೆಯಿಲ್ಲದೆ. ತಕರಾರು ಬೇಡವೆಂದು ತಪ್ಪಿಲ್ಲದವರನ್ನು ಹೊರಹಾಕಿಸುವುದು ಯಾವ ನ್ಯಾಯ ಎಂದು ಕೂಗಿದೆ. ಮುಂದಿನ ಕೋಣೆಯಲ್ಲಿದ್ದ ಗಿರಾಕಿಗಳು ಇಣುಕಿ ನೋಡಿದರು. ಕೂಗುವಾಗಲೇ ನನ್ನ ಬೆರಳು ಕಡಿದ ಹಾಗಾಯಿತು. ಅವತ್ತು ಹೊರಹಾಕಿದ ಚಿಮಟ ನನ್ನ ಕೈಯಲ್ಲೇ ಇತ್ತಲ್ಲ.

ಅತ್ತೆ ನಮ್ಮಿಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ, ಒಂದು ಹುಳ ಕೊಡಪ್ಪಾ, ನಮ್ಮನ್ಯಾಗಿಂದು ಎಂದು ಕೇಳಿದರು. ಅಂಗಡಿಯವರ ದನಿ ಮೆತ್ತಗಾಯಿತು.

"ಕೊಡಬೌದ್ರಿ ಅಮ್ಮಾರ. ಆದ್ರ ತಾಮ್ರ ಒಮ್ಮೆ ಕಲ್ಲಿನಾಗ ಹೊಕ್ಕರ ಲಗೂ ಬಿಡಂಗಿಲ್ಲ. ನೀರ ಬದಲಿ ಮಾಡಿದ್ರೂ ಕಲ್ಲು ಅದನ್ನ ನೀರಿಗೆ ಬಿಟಗೋತನ ಇರ್ತೈತಿ. ಇದನ್ನ ನಿಮ್ಮಲ್ಲಿ ಒಯ್ದ ಬಿಟ್ರ ಬಾಳಂಗಿಲ್ಲ."

ನಾನು ಹೊರಹಾಕದಿದ್ದರೆ ಅದು ಸಾಯುತ್ತಿತ್ತು. ಈಗ ತಪ್ಪಿಲ್ಲವೆಂದು ಕರೆಯಲು ಬಂದರೆ, ಕರೆದೊಯ್ಯುವುದಕ್ಕೆ ನಮ್ಮ ಮನೆ ಲಾಯಕ್ಕಿಲ್ಲ. ಅತ್ತೆ ಟಬ್ಬಿನ ಅಂಚು ಹಿಡಿದು ಬಗ್ಗಿ, ಒಳ್ಳೆಯ ಕಣ್ಣಿನಿಂದ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ತಪ್ಪಾತು ಅನ್ನು."

ಅವರ ಮುಖ ನೋಡಿ, "ತಪ್ಪಾತ್ರಿ ಅತ್ತ್ಯಾರ. ನಿಮ್ಮ ಮಾತ ಕೇಳಬೇಕಾಗಿತ್ತು," ಎಂದೆ.

"ನನಗ್ಯಾಕ ಹೇಳ್ತಿ? ಅದಕ್ಕ ಹೇಳು. ನಾ ಮನ್ಯಾಗ ಕಣ್ಣ ಮುಚ್ಚಿ ಹೇಳೇನಿ."

ಗಿರಾಕಿಗಳು ಬಾಗಿಲಲ್ಲೇ ನಿಂತಿದ್ದರು. ನಿಲ್ಲಲಿ ಎಂದುಕೊಂಡು ಟಬ್ಬಿನ ಮೇಲೆ ಬಗ್ಗಿದೆ. ಕಲ್ಲುಗಳು ಕಂಡವು, ಹುಳ ಒಂದೂ ಕಾಣಲಿಲ್ಲ. ಯಾವುದಕ್ಕೆಂದು ಗೊತ್ತಾಗದೆ, ಎಲ್ಲಕ್ಕೂ ಕೇಳುವ ಹಾಗೆ, ತಪ್ಪಾತು ಎಂದೆ. ನಾನು ನೆಟ್ಟಗಾಗುವುದನ್ನೇ ಕಾಯುತ್ತಿದ್ದವರ ಹಾಗೆ ಅತ್ತೆ ಅಂಗಡಿಯವರ ಹತ್ತಿರ ನೀರು ಕೇಳಿದರು. ಅವರು ಸ್ಟೀಲಿನ ಲೋಟದಲ್ಲಿ ತಂದುಕೊಟ್ಟರು. ಅವತ್ತು ಮುಂಜಾನೆಯಿಂದ ಅವರು ಒಂದು ಗುಟುಕೂ ಕುಡಿದಿರಲಿಲ್ಲ.